ಮೋಟಾರು ತನ್ನ ನೆಲೆಯನ್ನು ತಾನೇ ತಿಳಿಸುವ ಬಗೆ

ಗೃಹಕೃತ್ಯದಲ್ಲಿ ವಿದ್ಯುತ್ ಮೋಟಾರಿನ ಉಪಯೋಗವು ಎಷ್ಟು ವ್ಯಾಪಕವಾಗಿದೆಯೆಂಬುದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಚಟ್ನಿ ಅರೆಯುವ ಮಿಕ್ಸಿ, ಬಟ್ಟೆ ಒಗೆಯುವ ಯಂತ್ರ, ಕಸ ಹೀರುವ ವ್ಯಾಕ್ಯೂಮ್ ಕ್ಲೀನರು, ಕೂದಲು ಒಣಗಿಸುವ ಡ್ರೈಯರು, ರೆಫ್ರಿಜರೇಟರು ಇವೆಲ್ಲವುಗಳ ಒಡಲಲ್ಲಿಯೂ ಒಂದೊಂದು ಮೋಟಾರು ಅಡಗಿದೆ. ಅವುಗಳಲ್ಲಿ ಕೆಲವು ತಿರುಗುವ ವೇಗವು ನಮ್ಮ ಕಲ್ಪನೆಗೂ ಮೀರಿದುದು. ಸಾಧಾರಣ ಮಿಕ್ಸಿಯ ಮೋಟಾರು ಬರಿದೇ ತಿರುಗುವಾಗ ನಿಮಿಷಕ್ಕೆ 18,000ದಿಂದ 20,000 ಸುತ್ತು ಸುತ್ತುತ್ತದೆ. 2016ರಲ್ಲಿ ಡೈಸನ್ ಸಂಸ್ಥೆಯು ಮಾರುಕಟ್ಟೆಗೆ ತಂದ ಕೂದಲೊಣಗಿಸುವ ಯಂತ್ರದ ಮೋಟಾರಿನ ವೇಗ ನಿಮಿಷಕ್ಕೆ 1,10,000 ಸುತ್ತು.

ಇಂಥ ಮೋಟಾರನ್ನು ನಡೆಸಬೇಕಾದರೆ, ಅದರೊಳಗೆ ತಿರುಗುತ್ತಿರುವ ಕಾಂತವು ಯಾವ ಕ್ಷಣದಲ್ಲಿ ಯಾವ ಕಡೆಗೆ ಮುಖಮಾಡಿದೆಯೆಂಬುದನ್ನು ತಿಳಿದೇ ಅದರ ಸುರುಳಿಗಳಿಗೆ ಪ್ರವಾಹವನ್ನು ಕೊಡಬೇಕು. ಆದರೆ ಅನೇಕ ಹೊಸ ಯಂತ್ರಗಳಲ್ಲಿ ಕಾಂತದ ಸ್ಥಾನವನ್ನು ನೋಡಿ ಹೇಳುವ ಯಾವ ಸಾಧನವೂ ಇರುವುದಿಲ್ಲ. ನೋಡುವ ಕಣ್ಣಿಲ್ಲದೆ ನಡೆಸುವ ಕೈ ಕೆಲಸ ಮಾಡುವುದಾದರೂ ಹೇಗೆ? ಈ ಪ್ರಶ್ನೆಯನ್ನೇ ನಾವು ಇಲ್ಲಿ ವಿಚಾರಮಾಡೋಣ.

ಇಷ್ಟು ವೇಗವೇಕೆ?

ಯಾವುದೇ ಮೋಟಾರು ಕೊಡುವ ಸಾಮರ್ಥ್ಯವು ಎರಡು ಅಂಶಗಳ ಗುಣಲಬ್ಧ: ಒಂದು ಅದು ತಿರುಚುವ ಬಲ, ಇನ್ನೊಂದು ಅದರ ಭ್ರಮಣವೇಗ. ತಿರುಚುವ ಬಲ ಹೆಚ್ಚಬೇಕಾದರೆ ಮೋಟಾರಿನ ಗಾತ್ರವೂ ಹೆಚ್ಚಬೇಕು. ಕಬ್ಬಿಣ, ತಾಮ್ರ, ಕಾಂತ ಎಲ್ಲವೂ ಹೆಚ್ಚಬೇಕು. ವೇಗವನ್ನು ಹೆಚ್ಚಿಸುವುದಾದರೆ ಈ ಹೊರೆಯಿಲ್ಲ. 100 ವಾಟ್ ಸಾಮರ್ಥ್ಯವನ್ನು ನಿಮಿಷಕ್ಕೆ 3,000 ಸುತ್ತಿನ ವೇಗದಲ್ಲಿ ಪಡೆಯಲು ಬೇಕಾದ ತಿರುಚುಬಲದ ಸುಮಾರು 33ನೆಯ ಒಂದು ಪಾಲು 1,00,000 ಸುತ್ತಿನ ವೇಗದಲ್ಲಿ ಸಾಕಾಗುತ್ತದೆ. ಕೈಯಲ್ಲಿ ಹಿಡಿಯುವ ಯಂತ್ರಗಳ ಮೋಟಾರುಗಳು ಅಂಗೈಯೊಳಗೆ ಅಡಗುವಷ್ಟು ಕಿರಿದಾದುದರ ಗುಟ್ಟು ಇದೇ.

ಆದರೆ ಪ್ರಕೃತಿಯು ಯಾವುದನ್ನೂ ಬಿಟ್ಟಿಯಾಗಿ ಕೊಡುವುದಿಲ್ಲ. 10 ಮಿಲಿಮೀಟರು ವ್ಯಾಸದ ಕಾಂತವೊಂದು ನಿಮಿಷಕ್ಕೆ 1,00,000 ಸುತ್ತು ತಿರುಗುವಾಗ ಅದರ ಹೊರಮೈಯು ಸೆಕೆಂಡಿಗೆ 52 ಮೀಟರು ವೇಗದಲ್ಲಿ ಚಲಿಸುತ್ತದೆ. ಆ ಹೊರಮೈಯಲ್ಲಿರುವ ಒಂದು ಗ್ರಾಂ ವಸ್ತುವನ್ನು ವೃತ್ತಪಥದಲ್ಲಿ ಹಿಡಿದಿಡಲು ಸುಮಾರು 56 ಕಿಲೋಗ್ರಾಂ ತೂಕಕ್ಕೆ ಸಮನಾದ ಬಲ ಬೇಕು. ಸುಲಭವಾಗಿ ಬಿರಿಯುವ ಕಾಂತವು ಚೂರಾಗದಂತೆ ಅದರ ಸುತ್ತ ಬಿಗಿಯಾದ ಕವಚವೊಂದನ್ನು ತೊಡಿಸುವುದುಂಟು. ಇದು ಗಟ್ಟಿತನದ ಸಮಸ್ಯೆ. ನಮ್ಮ ವಿಷಯಕ್ಕೆ ಹತ್ತಿರವಾದ ಸಮಸ್ಯೆ ಕಾಲಕ್ಕೆ ಸಂಬಂಧಿಸಿದುದು. ಈ ವೇಗದಲ್ಲಿ ಒಂದು ಪೂರ್ಣ ಸುತ್ತಿಗೆ ಹಿಡಿಯುವ ಕಾಲ 600 ಮೈಕ್ರೋಸೆಕೆಂಡು ಮಾತ್ರ. ಎಂದರೆ ಸೆಕೆಂಡಿನ ಹತ್ತು ಲಕ್ಷ ಪಾಲಿನಲ್ಲಿ 600 ಪಾಲು. ಒಂದು ಡಿಗ್ರಿ ತಿರುಗಲು ಬೇಕಾದುದು ಎರಡು ಮೈಕ್ರೋಸೆಕೆಂಡಿಗೂ ಕಡಿಮೆ.

ಬ್ರಷ್ಷಿನ ಉಪಕಾರ ಮತ್ತು ಉಪದ್ರವ

ಮೋಟಾರಿನಲ್ಲಿ ಎರಡು ಭಾಗಗಳಿವೆ. ನಿಂತೇ ಇರುವ ಭಾಗ ಸ್ಟೇಟರು. ತಿರುಗುವ ಭಾಗ ರೋಟರು. ಎರಡು ಕಾಂತಕ್ಷೇತ್ರಗಳು ಪರಸ್ಪರ ಸೆಳೆಯುವುದರಿಂದ ರೋಟರು ತಿರುಗುತ್ತದೆ. ಆದರೆ ಎರಡೂ ಕ್ಷೇತ್ರಗಳು ಒಂದೇ ದಿಕ್ಕಿಗೆ ಬಂದು ಸೇರಿದೊಡನೆ ಸೆಳೆತವು ಮುಗಿಯುತ್ತದೆ. ಅಷ್ಟರೊಳಗೆ ಒಂದು ಕ್ಷೇತ್ರವು ಮುಂದಕ್ಕೆ ಸರಿದಿರಬೇಕು. ಆಗ ರೋಟರು ಅದನ್ನು ಹಿಂಬಾಲಿಸಿ ಇನ್ನಷ್ಟು ತಿರುಗುತ್ತದೆ. ಹೀಗೆ ಸುರುಳಿಯಿಂದ ಸುರುಳಿಗೆ ಪ್ರವಾಹವನ್ನು ವೇಳೆಯರಿತು ಬದಲಾಯಿಸುತ್ತಿರುವುದೇ ಮೋಟಾರು ನಡೆಯುವುದರ ಮರ್ಮ.

ಮಿಕ್ಸಿಯಲ್ಲಿ ಈ ಕೆಲಸವನ್ನು ತಾಮ್ರದ ಪಟ್ಟಿಗಳಿಂದಾದ ಕಮ್ಯುಟೇಟರು ಮತ್ತು ಅದಕ್ಕೆ ಒತ್ತಿಕೊಂಡಿರುವ ಇಂಗಾಲದ ಬ್ರಷ್ಷುಗಳು ಮಾಡುತ್ತವೆ. ಕಮ್ಯುಟೇಟರು ರೋಟರಿನ ದಂಡಕ್ಕೇ ಕೂಡಿಕೊಂಡಿರುವುದರಿಂದ ವೇಳೆ ತಪ್ಪುವ ಮಾತೇ ಇಲ್ಲ. ಇದು ಬ್ರಷ್ಷಿನ ಉಪಕಾರ. ಆದರೆ ಉಜ್ಜಿ ಉಜ್ಜಿ ಇಂಗಾಲವು ಸವೆಯುತ್ತದೆ, ಕಿಡಿ ಹಾರುತ್ತದೆ, ಪುಡಿ ಉದುರುತ್ತದೆ, ಗದ್ದಲವಾಗುತ್ತದೆ. ವೇಗ ಹೆಚ್ಚಿದಷ್ಟೂ ಈ ಉಪದ್ರವಗಳೂ ಹೆಚ್ಚುತ್ತವೆ.

ಬ್ರಷ್ಷನ್ನು ತೊಡೆದುಹಾಕುವ ಉಪಾಯವೆಂದರೆ ಕಾಂತವನ್ನು ರೋಟರಿನಲ್ಲಿಯೂ ಸುರುಳಿಗಳನ್ನು ಸ್ಟೇಟರಿನಲ್ಲಿಯೂ ಇಟ್ಟು, ಪ್ರವಾಹವನ್ನು ಬದಲಾಯಿಸುವ ಕೆಲಸವನ್ನು ಟ್ರಾನ್ಸಿಸ್ಟರಿನಂಥ ಅರೆವಾಹಕ ಸ್ವಿಚ್ಚುಗಳಿಗೆ ವಹಿಸುವುದು. ಇಂಥ ಯಂತ್ರವನ್ನು ಟಿ. ಜಿ. ವಿಲ್ಸನ್ ಮತ್ತು ಪಿ. ಎಚ್. ಟ್ರಿಕಿ ಎಂಬ ಅಮೆರಿಕದ ಇಂಜಿನಿಯರುಗಳು 1962ರಲ್ಲಿ ವಿವರಿಸಿದರು. 1980ರ ದಶಕದಲ್ಲಿ ನಿಯೋಡಿಮಿಯಮ್, ಕಬ್ಬಿಣ ಮತ್ತು ಬೋರಾನ್‌ಗಳಿಂದಾದ ಪ್ರಬಲ ಕಾಂತಗಳು ದೊರೆತ ಮೇಲೆ ಇದು ಮನೆಯ ಯಂತ್ರಗಳೊಳಕ್ಕೂ ಪ್ರವೇಶಿಸಿತು.

ಕಣ್ಣಿನ ತೊಡಕು

ಬ್ರಷ್ಷು ಹೋದೊಡನೆ ಅದು ತಾನಾಗಿಯೇ ಒದಗಿಸುತ್ತಿದ್ದ ವೇಳೆಯ ಅರಿವೂ ಹೋಯಿತು. ಟ್ರಾನ್ಸಿಸ್ಟರಿಗೆ ರೋಟರು ಎಲ್ಲಿದೆಯೆಂಬುದು ತಿಳಿಯದು. ಆದುದರಿಂದ ಮೊದಮೊದಲು ರೋಟರಿನ ಬಳಿ ಸಂವೇದಕಗಳನ್ನು ಇರಿಸಿದರು. ಇವುಗಳಲ್ಲಿ ಹೆಚ್ಚಿನವು ಎಡ್ವಿನ್ ಹಾಲ್ ಎಂಬ ಅಮೆರಿಕದ ವಿದ್ಯಾರ್ಥಿಯು 1879ರಲ್ಲಿ ಕಂಡುಹಿಡಿದ ತತ್ತ್ವದ ಮೇಲೆ ನಡೆಯುತ್ತವೆ. ಪ್ರವಾಹ ಹರಿಯುತ್ತಿರುವ ತೆಳುವಾದ ಫಲಕವನ್ನು ಕಾಂತಕ್ಷೇತ್ರದಲ್ಲಿಟ್ಟರೆ ಅದರ ಅಡ್ಡಗಲಕ್ಕೆ ಸಣ್ಣ ವೋಲ್ಟೇಜು ಹುಟ್ಟುತ್ತದೆ. ಉತ್ತರಧ್ರುವ ಎದುರಾದರೆ ಒಂದು ಸೂಚನೆ, ದಕ್ಷಿಣಧ್ರುವ ಎದುರಾದರೆ ಇನ್ನೊಂದು.

ಈ ಏರ್ಪಾಡು ಸರಳವಾದುದೇನೋ ನಿಜ. ಆದರೆ ಚಿಕ್ಕದಾದ, ಬಿಸಿಯಾದ, ಅತಿವೇಗದ ಮೋಟಾರಿನಲ್ಲಿ ಇದರಿಂದ ತೊಡಕುಗಳಿವೆ. 10 ಮಿಲಿಮೀಟರಿನ ರೋಟರಿನ ಅಂಚಿನಲ್ಲಿ ಒಂದು ಡಿಗ್ರಿಯೆಂದರೆ 0.09 ಮಿಲಿಮೀಟರಿಗೂ ಕಡಿಮೆ ದೂರ. ಸಂವೇದಕವನ್ನು ಕೂರಿಸುವಾಗ ಅರ್ಧ ಮಿಲಿಮೀಟರು ಆಚೀಚೆಯಾದರೂ ಸುಮಾರು 6 ಡಿಗ್ರಿಯ ದೋಷ ತಲೆದೋರುತ್ತದೆ. ರೆಫ್ರಿಜರೇಟರಿನಲ್ಲಿಯಾದರೋ ಮೋಟಾರು ಸಂಪೀಡಕದ ಜೊತೆಗೆ ಬೆಸುಗೆ ಹಾಕಿ ಮುಚ್ಚಿದ ಉಕ್ಕಿನ ಗಡಿಗೆಯೊಳಗೆ, ಎಣ್ಣೆ ಮತ್ತು ಶೀತಕದ್ರವದ ನಡುವೆ, ಬಿಸಿಯಲ್ಲಿ ಕುಳಿತಿರುತ್ತದೆ. ಅಲ್ಲಿ ಸಂವೇದಕವು ಕೆಟ್ಟರೆ ತೆಗೆದು ನೋಡುವಂತಿಲ್ಲ. ಅದರ ತಂತಿಗಳಿಗಾಗಿ ಗಡಿಗೆಗೆ ಇನ್ನಷ್ಟು ರಂಧ್ರಗಳನ್ನು ಕೊರೆಯುವುದೂ ಅಪೇಕ್ಷಣೀಯವಲ್ಲ. ಹೀಗಾಗಿ ಸಂವೇದಕವೇ ಇಲ್ಲದೆ ರೋಟರಿನ ನೆಲೆಯನ್ನು ತಿಳಿಯಲಾದೀತೇ ಎಂಬ ಪ್ರಶ್ನೆಯು ಹುಟ್ಟಿತು.

ವಿರೋಧಿಯೇ ಸಾಕ್ಷಿ

ಉತ್ತರವು ಒಂದೂವರೆ ಶತಮಾನಕ್ಕೂ ಹಿಂದಿನ ಭೌತಶಾಸ್ತ್ರದಲ್ಲಿಯೇ ಇದ್ದಿತು. ಕಾಂತವು ಸುರುಳಿಯ ಬಳಿ ಚಲಿಸಿದರೆ ಸುರುಳಿಯಲ್ಲಿ ವೋಲ್ಟೇಜು ಹುಟ್ಟುತ್ತದೆಂದು 1831ರಲ್ಲಿ ಫ್ಯಾರಡೆ ತೋರಿಸಿದನು. ಹಾಗೆ ಹುಟ್ಟಿದುದು ತನ್ನ ಹುಟ್ಟಿಗೆ ಕಾರಣವಾದುದನ್ನೇ ವಿರೋಧಿಸುತ್ತದೆಂದು 1834ರಲ್ಲಿ ಲೆನ್ಜ್ ತಿಳಿಸಿದನು. ಮೋಟಾರಿನಲ್ಲಿಯೂ ಕಾಂತವು ಸುರುಳಿಗಳ ಮುಂದೆ ತಿರುಗುತ್ತದೆಯಷ್ಟೆ? ಆದುದರಿಂದ ತಿರುಗುವ ಪ್ರತಿಯೊಂದು ಮೋಟಾರೂ ಅದೇ ವೇಳೆಯಲ್ಲಿ ಒಂದು ಡೈನಮೋ ಆಗಿರುತ್ತದೆ; ನಾವು ಕೊಟ್ಟ ವೋಲ್ಟೇಜಿಗೆ ಎದುರಾದ ವೋಲ್ಟೇಜನ್ನು ತಾನೂ ಹುಟ್ಟಿಸುತ್ತದೆ. ಇದನ್ನು ವಿರೋಧಿ ವಿದ್ಯುಚ್ಚಾಲಕ ಬಲವೆನ್ನುತ್ತಾರೆ.

ವಿದ್ಯಾರ್ಥಿಗಳು ಇದನ್ನು ಸುಲಭವಾಗಿ ಪರೀಕ್ಷಿಸಬಹುದು. ಆಟಿಕೆಯ ಮೋಟಾರು, ಟಾರ್ಚಿನ ಬಲ್ಬು ಮತ್ತು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ. ಮೋಟಾರು ಬಿಡುಬೀಸಾಗಿ ತಿರುಗುವಾಗ ಬಲ್ಬು ಮಂಕಾಗಿರುತ್ತದೆ. ದಂಡವನ್ನು ಬೆರಳಿನಿಂದ ತಡೆದು ನಿಲ್ಲಿಸಿದೊಡನೆ ಪ್ರಖರವಾಗುತ್ತದೆ. ತಿರುಗುವಾಗ ಪ್ರವಾಹವನ್ನು ತಡೆಯುತ್ತಿದ್ದ ವಿರೋಧಿ ಬಲವು ಮೋಟಾರು ನಿಂತಾಗ ಇಲ್ಲವಾಗುವುದೇ ಇದಕ್ಕೆ ಕಾರಣ.

ಈ ವಿರೋಧಿ ಬಲದ ಪ್ರಮಾಣವು ರೋಟರಿನ ವೇಗವನ್ನು ಅನುಸರಿಸುತ್ತದೆ. ಅದು ಏರಿಳಿಯುವ ಕ್ರಮವು ರೋಟರಿನ ಸ್ಥಾನವನ್ನು ಅನುಸರಿಸುತ್ತದೆ. ಕಾಂತದ ಧ್ರುವವು ಒಂದು ಸುರುಳಿಗೆ ನೇರ ಎದುರಾಗಿ ಬಂದ ಕ್ಷಣದಲ್ಲಿ ಸುರುಳಿಯ ಮೂಲಕ ಹಾಯುವ ಕಾಂತರೇಖೆಗಳು ಅತ್ಯಧಿಕವಾಗಿರುತ್ತವೆ. ಆ ಕ್ಷಣದ ಮಟ್ಟಿಗೆ ಅವು ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ. ಆದುದರಿಂದ ಆಗ ವಿರೋಧಿ ಬಲವು ಸೊನ್ನೆಯಾಗುತ್ತದೆ. ಅದು ಸೊನ್ನೆಯನ್ನು ದಾಟಿದ ಕ್ಷಣವನ್ನು ಹಿಡಿದರೆ ಸಾಕು, ಧ್ರುವವು ಎಲ್ಲಿದೆಯೆಂಬುದು ಸ್ಪಷ್ಟವಾಗುತ್ತದೆ. ಕಣ್ಣುಮುಚ್ಚಿ ಜೋಕಾಲಿ ತೂಗುವವನು ಹಲಗೆಯು ಅಂಗೈಗೆ ಮರಳಿ ತಾಗುವುದರಿಂದಲೇ ಮುಂದಿನ ನೂಕಿನ ವೇಳೆಯನ್ನು ಅರಿಯುವಂತೆ, ಪ್ರವಾಹ ಕೊಡುವ ತಂತಿಯೇ ಇಲ್ಲಿ ಸುದ್ದಿಯನ್ನೂ ತರುತ್ತದೆ.

ಬರಿದಾದ ಸುರುಳಿಯ ಮಾತು

ಸ್ಟೇಟರಿನಲ್ಲಿ ಸಾಮಾನ್ಯವಾಗಿ ಮೂರು ಸುರುಳಿಗಳ ತಂಡಗಳಿರುತ್ತವೆ. ಅವನ್ನು ಕ, ಚ, ಟ ಎಂದು ಕರೆಯೋಣ. ಸರಳವಾದ ವಿಧಾನದಲ್ಲಿ ಒಂದು ವೇಳೆಗೆ ಎರಡೇ ಸುರುಳಿಗಳಿಗೆ ಪ್ರವಾಹ: ಕ ದಿಂದ ಒಳಹೊಕ್ಕು ಚ ದಿಂದ ಹೊರಬರುತ್ತದೆ, ಟ ಬರಿದಾಗಿರುತ್ತದೆ. ಮುಂದಿನ ಹೆಜ್ಜೆಯಲ್ಲಿ ಕ ದಿಂದ ಟ ಕ್ಕೆ, ಚ ಬರಿದು. ಒಂದೇ ಜೊತೆ ಧ್ರುವಗಳಿರುವ ರೋಟರಾದರೆ ಒಂದು ಸುತ್ತಿನಲ್ಲಿ 60 ಡಿಗ್ರಿಗಳ ಆರು ಹೆಜ್ಜೆಗಳಾಗುತ್ತವೆ.

ಬರಿದಾದ ಸುರುಳಿಯಲ್ಲಿ ಪ್ರವಾಹವಿಲ್ಲದಿರುವುದರಿಂದ ಅದರ ತುದಿಯಲ್ಲಿ ವಿರೋಧಿ ಬಲವು ಮರೆಯಿಲ್ಲದೆ ಗೋಚರವಾಗುತ್ತದೆ. ಅದು ಸೊನ್ನೆಯನ್ನು ದಾಟುವುದು ಸರಿಯಾಗಿ ಹೆಜ್ಜೆಯ ನಡುವಿನಲ್ಲಿ. ಅಲ್ಲಿಂದ 30 ಡಿಗ್ರಿ ಕಳೆದ ಮೇಲೆ ಪ್ರವಾಹವನ್ನು ಬದಲಾಯಿಸಬೇಕು. ಹಿಂದಿನ ಎರಡು ದಾಟುವಿಕೆಗಳ ನಡುವಣ ಕಾಲವನ್ನು ಎಣಿಸಿ, ಅದರ ಅರ್ಧವನ್ನು ಕಾದು, ಸ್ವಿಚ್ಚನ್ನು ತಿರುಗಿಸಿದರೆ ಕೆಲಸವಾಯಿತು. ನಿಮಿಷಕ್ಕೆ 1,00,000 ಸುತ್ತಿನಲ್ಲಿ ದಾಟುವಿಕೆಗಳ ಅಂತರ 100 ಮೈಕ್ರೋಸೆಕೆಂಡು, ಕಾಯಬೇಕಾದುದು 50. ಮೈಕ್ರೋಕಂಪ್ಯೂಟರಿನ ನೆರವಿನಿಂದ ಸಂವೇದಕವಿಲ್ಲದ ಮೋಟಾರನ್ನು ನಡೆಸುವ ವಿಧಾನವನ್ನು 1985ರಲ್ಲಿ ಜಪಾನಿನ ಇಂಜಿನಿಯರುಗಳು ಪ್ರಕಟಿಸಿದರು. ಅಂದಿನಿಂದ ಇದು ಬಹುವಾಗಿ ಬಳಕೆಗೆ ಬಂದಿತು.

ಆದರೂ ಇದಕ್ಕೊಂದು ಮಿತಿಯಿದೆ. ಸುರುಳಿಯಲ್ಲಿ ಹರಿಯುತ್ತಿರುವ ಪ್ರವಾಹವನ್ನು ಕಡಿದೊಡನೆ ಅದು ಥಟ್ಟನೆ ನಿಲ್ಲುವುದಿಲ್ಲ. ಸ್ವಪ್ರೇರಣೆಯ ಗುಣದಿಂದ ಸ್ವಲ್ಪ ಹೊತ್ತು ಹರಿದೇ ಆರುತ್ತದೆ. ಅಷ್ಟು ಹೊತ್ತು ವಿರೋಧಿ ಬಲವು ಮರೆಯಾಗಿರುತ್ತದೆ. ನಿಧಾನವಾಗಿ ತಿರುಗುವ ಮೋಟಾರಿನಲ್ಲಿ ಇದು ಲೆಕ್ಕಕ್ಕೆ ಬಾರದು. ಹೆಜ್ಜೆಯೊಂದಕ್ಕೆ 100 ಮೈಕ್ರೋಸೆಕೆಂಡು ಮಾತ್ರ ಇರುವಾಗ, ಆರುವ ಪ್ರವಾಹವೇ ಅದರಲ್ಲಿ ದೊಡ್ಡ ಪಾಲನ್ನು ನುಂಗಿ, ಸೊನ್ನೆ ದಾಟುವ ಕ್ಷಣವನ್ನೇ ಮುಚ್ಚಿಬಿಡಬಹುದು.

ಲೆಕ್ಕದೊಳಗಿನ ಮೋಟಾರು

ಇನ್ನೊಂದು ವಿಧಾನದಲ್ಲಿ ಮೂರು ಸುರುಳಿಗಳಿಗೂ ಸದಾ ಪ್ರವಾಹವಿರುತ್ತದೆ. ಅದು ಅಲೆಯಂತೆ ನಯವಾಗಿ ಏರಿಳಿಯುತ್ತದೆ. ಇದರಿಂದ ಗದ್ದಲವೂ ನಡುಕವೂ ಕಡಿಮೆ. ಆದರೆ ಬರಿದಾದ ಸುರುಳಿಯೇ ಇಲ್ಲವಾದುದರಿಂದ ವಿರೋಧಿ ಬಲವನ್ನು ನೇರವಾಗಿ ಅಳೆಯುವಂತಿಲ್ಲ, ಲೆಕ್ಕಹಾಕಿ ತೆಗೆಯಬೇಕು.

ಲೆಕ್ಕದ ತಳಹದಿ ಸರಳವಾದುದು. ಸುರುಳಿಗೆ ನಾವು ಕೊಟ್ಟ ವೋಲ್ಟೇಜು ಮೂರು ಬಗೆಯಾಗಿ ವ್ಯಯವಾಗುತ್ತದೆ: ಒಂದು ಪಾಲು ತಂತಿಯ ರೋಧವನ್ನು ಗೆಲ್ಲಲು, ಒಂದು ಪಾಲು ಸ್ವಪ್ರೇರಣೆಯನ್ನು ಮೀರಿ ಪ್ರವಾಹವನ್ನು ಬದಲಾಯಿಸಲು, ಉಳಿದುದು ವಿರೋಧಿ ಬಲವನ್ನು ಎದುರಿಸಲು. ಎಷ್ಟು ವೋಲ್ಟೇಜು ಕೊಟ್ಟೆವೆಂಬುದು ನಮಗೆ ಗೊತ್ತು. ಪ್ರವಾಹವನ್ನು ಸಣ್ಣದೊಂದು ರೋಧಕದ ಮೂಲಕ ಹಾಯಿಸಿ ಅಳೆಯಬಹುದು. ಮೊದಲ ಎರಡು ಪಾಲುಗಳನ್ನು ಕಳೆದರೆ ಮೂರನೆಯದು ದೊರೆಯುತ್ತದೆ. ವಾಚಕರು ಇಲ್ಲಿ ಗಮನಿಸಬೇಕಾದ ಒಂದು ಅಂಶವುಂಟು. ಸಂವೇದಕರಹಿತವೆಂದರೆ ಏನನ್ನೂ ಅಳೆಯುವುದಿಲ್ಲವೆಂದಲ್ಲ. ರೋಟರಿನ ಸ್ಥಾನವನ್ನು ಅಳೆಯುವ ಸಂವೇದಕವಿಲ್ಲವೆಂದಷ್ಟೇ ಅದರ ಅರ್ಥ.

ಅಳತೆಯಲ್ಲಿ ಸಣ್ಣಪುಟ್ಟ ದೋಷಗಳು ಇದ್ದೇ ಇರುತ್ತವೆ. ಆದುದರಿಂದ ಇಂಜಿನಿಯರುಗಳು ಡೇವಿಡ್ ಲ್ಯೂಯನ್‌ಬರ್ಗರ್ 1964ರಲ್ಲಿ ಮಂಡಿಸಿದ ಒಂದು ವಿಚಾರವನ್ನು ಬಳಸಿಕೊಂಡರು. ನಿಯಂತ್ರಕದ ಗಣಕವು ಮೋಟಾರಿನ ಒಂದು ಪ್ರತಿರೂಪವನ್ನು ಅಂಕಿಗಳಲ್ಲಿಯೇ ನಡೆಸುತ್ತಿರುತ್ತದೆ. ನಿಜವಾದ ಮೋಟಾರಿಗೆ ಕೊಟ್ಟ ವೋಲ್ಟೇಜನ್ನೇ ಪ್ರತಿರೂಪಕ್ಕೂ ಕೊಟ್ಟು, ಪ್ರವಾಹ ಇಷ್ಟಿರಬೇಕೆಂದು ಮುಂಗಂಡು, ಅಳೆದ ಪ್ರವಾಹದೊಡನೆ ಹೋಲಿಸುತ್ತದೆ. ಎರಡಕ್ಕೂ ವ್ಯತ್ಯಾಸ ಕಂಡರೆ ಪ್ರತಿರೂಪದ ರೋಟರು ನಿಜವಾದ ರೋಟರಿಗಿಂತ ಹಿಂದೆಯೋ ಮುಂದೆಯೋ ಇದೆಯೆಂದು ತಿಳಿದು ಅದನ್ನು ತಿದ್ದುತ್ತದೆ. ಈ ತಿದ್ದುಪಡಿಯು ಸೆಕೆಂಡಿಗೆ ಸಾವಿರಾರು ಸಲ ನಡೆಯುತ್ತದೆ. ಕೊನೆಗೆ ಪ್ರತಿರೂಪವು ನಿಜವಾದುದರ ನೆರಳಿನಂತೆ ಸಾಗುತ್ತದೆ. ಕಾಣದ ರೋಟರಿನ ಸ್ಥಾನವನ್ನು ಕಾಣುವ ಅಂಕಿಗಳಿಂದ ಓದಿಕೊಳ್ಳಬಹುದು.

ಅತಿವೇಗವು ಇಲ್ಲಿಯೂ ತನ್ನ ಸುಂಕವನ್ನು ಕೇಳದೆ ಬಿಡುವುದಿಲ್ಲ. ಗಣಕವು ಸೆಕೆಂಡಿಗೆ 20,000 ಸಲ ಅಳೆದು ಲೆಕ್ಕಮಾಡುವುದೆಂದು ಇಟ್ಟುಕೊಳ್ಳೋಣ. ಕೇಳುವುದಕ್ಕೆ ಇದು ದೊಡ್ಡ ಸಂಖ್ಯೆ. ಆದರೆ ನಿಮಿಷಕ್ಕೆ 1,00,000 ಸುತ್ತು ತಿರುಗುವ ರೋಟರಿನ ಒಂದು ಸುತ್ತಿಗೆ ಸಿಕ್ಕುವುದು 12 ಅಳತೆಗಳು ಮಾತ್ರ. ಎರಡು ಅಳತೆಗಳ ನಡುವೆ ರೋಟರು 30 ಡಿಗ್ರಿ ಸರಿದಿರುತ್ತದೆ. ಅಳೆದು, ಎಣಿಸಿ, ವೋಲ್ಟೇಜನ್ನು ಕೊಡುವಷ್ಟರಲ್ಲಿ ಇಂಥ ಒಂದೂವರೆ ಅವಧಿ ಕಳೆದರೆ 45 ಡಿಗ್ರಿ ಮುಂದೆ ಹೋಗಿರುತ್ತದೆ. ಓಡುವ ಜಿಂಕೆಗೆ ಬಾಣ ಬಿಡುವವನು ಅದು ಇರುವಲ್ಲಿಗಲ್ಲ, ತಲಪಲಿರುವಲ್ಲಿಗೆ ಗುರಿಯಿಡುತ್ತಾನಲ್ಲವೇ? ಹಾಗೆಯೇ ಗಣಕವೂ ರೋಟರು ಮುಂದೆ ಎಲ್ಲಿರುವುದೆಂದು ಎಣಿಸಿ ಅಲ್ಲಿಗೆ ತಕ್ಕ ವೋಲ್ಟೇಜನ್ನು ಕೊಡಬೇಕಾಗುತ್ತದೆ. ಅಳತೆಗಳನ್ನು ಇನ್ನೂ ಬೇಗಬೇಗನೆ ಮಾಡಬಹುದು. ಆದರೆ ಸ್ವಿಚ್ಚುಗಳನ್ನು ಹೆಚ್ಚು ಸಲ ಹಾಕಿ ತೆಗೆದಂತೆಲ್ಲ ಅವುಗಳಲ್ಲಿ ಶಾಖವಾಗಿ ಕಳೆಯುವ ಶಕ್ತಿಯೂ ಹೆಚ್ಚುತ್ತದೆ.

ಮೊದಲ ಹೆಜ್ಜೆಯ ಕತ್ತಲೆ

ಇಷ್ಟೆಲ್ಲ ಹೇಳಿದ ಮೇಲೂ ಒಂದು ದೊಡ್ಡ ತೊಡಕು ಉಳಿದಿದೆ. ವಿರೋಧಿ ಬಲವು ವೇಗವನ್ನು ಅನುಸರಿಸುತ್ತದೆಂದೆವು. ಮೋಟಾರು ನಿಂತಿರುವಾಗ ವೇಗವಿಲ್ಲ. ಆದುದರಿಂದ ಸಾಕ್ಷಿಯೂ ಇಲ್ಲ. ನಿಮಿಷಕ್ಕೆ 1,00,000 ಸುತ್ತಿನಲ್ಲಿ 200 ವೋಲ್ಟ್ ವಿರೋಧಿ ಬಲವನ್ನು ಹುಟ್ಟಿಸುವ ಮೋಟಾರು 100 ಸುತ್ತಿನಲ್ಲಿ ಹುಟ್ಟಿಸುವುದು 0.2 ವೋಲ್ಟ್. ಸ್ವಿಚ್ಚುಗಳ ಗದ್ದಲದಲ್ಲಿ ಈ ಪಿಸುಮಾತು ಕೇಳಿಸುವುದೇ ಇಲ್ಲ. ಅಲ್ಲದೆ ತಾಮ್ರವು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯೇರಿದರೆ ಅದರ ರೋಧವು ಶೇಕಡಾ 0.4ರಷ್ಟು ಹೆಚ್ಚುತ್ತದೆ, 50 ಡಿಗ್ರಿ ಏರಿದರೆ ಶೇಕಡಾ 20ರಷ್ಟು. ಅತಿ ಮಂದವೇಗದಲ್ಲಿ ಕೊಟ್ಟ ವೋಲ್ಟೇಜಿನ ಬಹುಭಾಗ ರೋಧಕ್ಕೇ ವ್ಯಯವಾಗುವುದರಿಂದ, ಆ ಪಾಲನ್ನು ತಪ್ಪಾಗಿ ಕಳೆದರೆ ಉಳಿಯುವ ಫಲವೆಲ್ಲವೂ ತಪ್ಪಾಗುತ್ತದೆ.

ಹಾಗಾದರೆ ಹೊರಡುವುದು ಹೇಗೆ? ಮೊದಲು ಸುರುಳಿಗಳಿಗೆ ಒಂದೇ ದಿಕ್ಕಿನ ಪ್ರವಾಹವನ್ನು ಕೊಟ್ಟು ರೋಟರನ್ನು ಒಂದು ಗೊತ್ತಾದ ನೆಲೆಗೆ ಎಳೆದು ತರುತ್ತಾರೆ. ಅನಂತರ ಕಾಂತಕ್ಷೇತ್ರವನ್ನು ಮೆಲ್ಲಮೆಲ್ಲನೆ ತಿರುಗಿಸುತ್ತ, ರೋಟರು ಹಿಂಬಾಲಿಸುತ್ತಿದೆಯೆಂಬ ನಂಬಿಕೆಯ ಮೇಲೆ ವೇಗವನ್ನು ಏರಿಸುತ್ತಾರೆ. ವಿರೋಧಿ ಬಲವು ಕೇಳಿಸುವಷ್ಟಾದೊಡನೆ ಈ ಕುರುಡು ನಡೆಯನ್ನು ಬಿಟ್ಟು ಸಾಕ್ಷಿಯನ್ನು ಅನುಸರಿಸುತ್ತಾರೆ. ಈ ನಡುವೆ ಭಾರವು ಹೆಚ್ಚಾಗಿದ್ದರೆ ರೋಟರು ಹಿಂದೆ ಬಿದ್ದು ನಡುಗಿ ನಿಂತುಬಿಡುತ್ತದೆ. ಆಗ ಸುರುಳಿಗಳು ಸುಡದಂತೆ ನಿಯಂತ್ರಕವು ಪ್ರವಾಹವನ್ನು ಕಡಿದು ಮತ್ತೆ ಮೊದಲಿನಿಂದ ತೊಡಗಬೇಕು.

ಗಾಳಿಯನ್ನು ನೂಕುವ ಯಂತ್ರಗಳಿಗೆ ಈ ಕ್ರಮವು ಚೆನ್ನಾಗಿ ಒಪ್ಪುತ್ತದೆ. ಬೀಸಣಿಗೆಯ ಭಾರವು ವೇಗದ ವರ್ಗವನ್ನು ಅನುಸರಿಸುವುದರಿಂದ ಆರಂಭದಲ್ಲಿ ಭಾರವೇ ಇಲ್ಲವೆನ್ನಬಹುದು. ವ್ಯಾಕ್ಯೂಮ್ ಕ್ಲೀನರು, ಡ್ರೈಯರುಗಳಿಗೆ ಸಂವೇದಕರಹಿತ ವಿಧಾನವು ಸುಲಭವಾಗಿ ಹೊಂದಿಕೊಂಡುದಕ್ಕೆ ಇದೂ ಒಂದು ಕಾರಣ. ಗಟ್ಟಿ ಹಿಟ್ಟು ತುಂಬಿದ ಪಾತ್ರೆಯ ಅಲಗನ್ನು ನಿಂತಲ್ಲಿಂದ ತಿರುಗಿಸುವುದು ಅಷ್ಟು ಸುಲಭವಲ್ಲ. ಅಂಥ ಕಡೆಗಳಲ್ಲಿ ನಿಂತ ರೋಟರಿನ ನೆಲೆಯನ್ನೇ ಮೊದಲು ತಿಳಿಯಬೇಕು. ಕಾಂತವನ್ನು ಕಬ್ಬಿಣದೊಳಗೆ ಹುದುಗಿಸಿದ ರೋಟರಾದರೆ, ಅದು ನಿಂತ ದಿಕ್ಕನ್ನು ಅನುಸರಿಸಿ ಸುರುಳಿಗಳ ಸ್ವಪ್ರೇರಣೆಯು ತುಸು ಹೆಚ್ಚು ಕಡಿಮೆಯಾಗುತ್ತದೆ. ಸುರುಳಿಗಳಿಗೆ ಅತಿವೇಗದಲ್ಲಿ ಏರಿಳಿಯುವ ಸಣ್ಣ ವೋಲ್ಟೇಜನ್ನು ಕೊಟ್ಟು, ಪ್ರವಾಹವು ಹೇಗೆ ಪ್ರತಿಕ್ರಿಯಿಸುವುದೆಂದು ನೋಡಿದರೆ ಆ ದಿಕ್ಕು ತಿಳಿಯುತ್ತದೆ. ಇದು ಗಡಿಗೆಯನ್ನು ಬೆರಳಿನಿಂದ ತಟ್ಟಿ ನಾದದಿಂದ ಒಳಗನ್ನು ಅರಿಯುವಂಥದು. ಆದರೆ ಕಾಂತವು ರೋಟರಿನ ಹೊರಮೈಗೆ ಸಮವಾಗಿ ಅಂಟಿಕೊಂಡಿದ್ದರೆ ಯಾವ ಕಡೆಯಿಂದ ತಟ್ಟಿದರೂ ಸುಮಾರು ಒಂದೇ ನಾದ. ಅಲ್ಲಿ ಈ ಉಪಾಯವು ಅಷ್ಟಾಗಿ ಸಲ್ಲದು.

ನಾವು ಕಾಣಬಹುದಾದ ಕುರುಹು

ಈ ತತ್ತ್ವವನ್ನು ನೋಡಲು ಪ್ರಯೋಗಾಲಯಕ್ಕೆ ಹೋಗಬೇಕಾಗಿಲ್ಲ. ಚಾವಣಿಯ ಬೀಸಣಿಗೆಯು ಮಂದವೇಗದ ಯಂತ್ರವಾದರೂ ಅದರಲ್ಲಿಯೂ ಇದೇ ವಿಧಾನವು ಬಳಕೆಯಲ್ಲಿದೆ. ಹಳೆಯ ಬಗೆಯ ಬೀಸಣಿಗೆಯು ಪೂರ್ಣವೇಗದಲ್ಲಿ ಸುಮಾರು 75 ವಾಟ್ ವಿದ್ಯುತ್ತನ್ನು ಬಳಸುವಲ್ಲಿ, ಬ್ರಷ್ಷಿಲ್ಲದ ಕಾಂತದ ಮೋಟಾರಿನದು ಸುಮಾರು 30 ವಾಟ್‌ನಲ್ಲಿಯೇ ಕೆಲಸ ಪೂರೈಸುತ್ತದೆ. 2023ರ ಜನವರಿಯಿಂದ ನಮ್ಮ ದೇಶದಲ್ಲಿ ಚಾವಣಿಯ ಬೀಸಣಿಗೆಗಳಿಗೆ ವಿದ್ಯುತ್ ಉಳಿತಾಯವನ್ನು ಸೂಚಿಸುವ ನಕ್ಷತ್ರದ ಗುರುತು ಕಡ್ಡಾಯವಾಗಿದೆ. ಇಂಥ ಬೀಸಣಿಗೆಯೊಂದಕ್ಕೆ ಸ್ವಿಚ್ಚು ಹಾಕಿದಾಗ, ಕೆಲವು ವೇಳೆ ಅದು ಕ್ಷಣಕಾಲ ಆಚೀಚೆ ತುಯ್ದು, ಒಮ್ಮೊಮ್ಮೆ ಹಿಮ್ಮುಖವಾಗಿ ತುಸು ಸರಿದು, ಅನಂತರ ಮುಂದಕ್ಕೆ ಹೊರಡುವುದನ್ನು ಕಾಣಬಹುದು. ಅದು ಕೆಟ್ಟಿದೆಯೆಂದು ಭಾವಿಸಬೇಕಾಗಿಲ್ಲ. ರೋಟರು ಎಲ್ಲಿದೆಯೆಂದು ತಿಳಿಯದ ನಿಯಂತ್ರಕವು ಅದನ್ನು ಗೊತ್ತಾದ ನೆಲೆಗೆ ಎಳೆದು ತರುತ್ತಿರುವುದು ಹಾಗೆ ಕಾಣುತ್ತದೆ. ಸ್ವಿಚ್ಚು ತೆಗೆದು, ರೆಕ್ಕೆಗಳು ಇನ್ನೂ ತಿರುಗುತ್ತಿರುವಾಗಲೇ ಮತ್ತೆ ಹಾಕಿದರೆ ಸಂದರ್ಭವೇ ಬೇರೆ. ಆಗ ಚೆನ್ನಾಗಿ ರಚಿಸಿದ ನಿಯಂತ್ರಕವು ರೋಟರನ್ನು ತಡೆದು ನಿಲ್ಲಿಸುವುದಿಲ್ಲ; ಸುರುಳಿಗಳಲ್ಲಿ ಹುಟ್ಟುತ್ತಿರುವ ವೋಲ್ಟೇಜನ್ನು ಮೊದಲು ಆಲಿಸಿ, ಅದರ ವೇಗಕ್ಕೆ ತಾನು ಹೊಂದಿಕೊಂಡು, ಅನಂತರ ಪ್ರವಾಹವನ್ನು ಕೊಡುತ್ತದೆ.

ಫ್ಯಾರಡೆ ಮತ್ತು ಲೆನ್ಜ್ ಅವರ ಕಾಲದಲ್ಲಿ ಮನೆಗೆ ವಿದ್ಯುತ್ತೇ ಬಂದಿರಲಿಲ್ಲ. ಅವರು ಕಂಡುಕೊಂಡ ನಿಯಮವೂ ಮೋಟಾರಿಗೆ ಮೊದಮೊದಲು ಅಡ್ಡಿಯಂತೆಯೇ ತೋರಿತು. ಕೊಟ್ಟ ವೋಲ್ಟೇಜಿಗೆ ಎದುರು ನಿಲ್ಲುವ ಬಲವು ಯಾರಿಗೆ ತಾನೆ ಪ್ರಿಯವಾದೀತು? ಅದೇ ಬಲವು ಇಂದು ನಿಮಿಷಕ್ಕೆ ಲಕ್ಷ ಸುತ್ತು ತಿರುಗುವ ಯಂತ್ರಕ್ಕೆ ದಾರಿ ತೋರಿಸುತ್ತಿದೆ. ಪಠ್ಯಪುಸ್ತಕದಲ್ಲಿ ವಿರೋಧಿ ವಿದ್ಯುಚ್ಚಾಲಕ ಬಲವೆಂಬ ಮಾತನ್ನು ಓದುವ ವಿದ್ಯಾರ್ಥಿಯು ಅದನ್ನು ಪರೀಕ್ಷೆಗಾಗಿ ಕಂಠಪಾಠ ಮಾಡಿ ಅಷ್ಟಕ್ಕೇ ಬಿಡದೆ, ತಲೆಯ ಮೇಲೆ ತಿರುಗುವ ಬೀಸಣಿಗೆಯು ಹೊರಡುವ ರೀತಿಯನ್ನು ಒಮ್ಮೆ ಗಮನಿಸಿ ನೋಡಲಿ ಎಂಬುದು ನಮ್ಮ ಸೂಚನೆ.